ಗುರಿ ಮುಟ್ಟದವರಿಗೆ ಹೊದಿಕೆಯಿಲ್ಲ

ನಗರ ಮ್ಯಾರಥಾನ್ ಸಂಘಟನಾ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ಚಳಿಯಲ್ಲಿ ಪ್ರಜ್ಞೆ ತಪ್ಪುತ್ತಿದ್ದ ಒಬ್ಬ ಹೆಂಗಸಿಗೆ ನಿಮ್ಮ ಸಮಿತಿಯ ಹೊದಿಕೆ ಹೊದಿಸಿದ್ದಕ್ಕೆ ನನಗೂ, ಹೊದ್ದುಕೊಂಡಿದ್ದಕ್ಕೆ ಆ ಹೆಂಗಸಿಗೂ ನೀವು ಆಜೀವ ನಿಷೇಧ ಹಾಕಿದ್ದೀರಿ. ಇನ್ನು ಮುಂದೆ ನಾವಿಬ್ಬರೂ ನಿಮ್ಮ ಓಟದಲ್ಲಿ ಓಡುವಂತಿಲ್ಲ. ತಪ್ಪಾಯಿತು ಎಂದು ನಾನು ಬರೆದುಕೊಟ್ಟರೆ ಇಬ್ಬರ ನಿಷೇಧವನ್ನೂ ತೆಗೆಯುವುದಾಗಿ ನಿಮ್ಮ ಕಚೇರಿ ದೊಡ್ಡ ಮನಸ್ಸು ಮಾಡಿದೆ. ಆ ಹೆಂಗಸು ನನ್ನ ಸೋದರತ್ತೆ. ಅವಳಿಗೆ ಮುಂದಿನ ವರ್ಷ ಓಡಲೇಬೇಕು. ನನಗೆ ಸುಳ್ಳು ಬರೆಯಲು ಕೈ ಬರುವುದಿಲ್ಲ. ಓಟದ ದಿನದಿಂದ ನಮ್ಮ ಮನೆಯಲ್ಲಿ ಇದೇ ಜಗಳ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ, ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ಇದನ್ನೇ ಕ್ಷಮಾಪಣೆ ಎಂದು ಫೈಲಿಗೆ ಸೇರಿಸಿಕೊಳ್ಳಲು ಆಗುವುದಾದರೆ ಸೇರಿಸಿಕೊಳ್ಳಿ.

ನಾನು ಓದಿದವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಮನೆಯಲ್ಲಿ ಅಂಥ ಕಷ್ಟವೂ ಇರಲಿಲ್ಲ. ಕೂತಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ಆಮೇಲೆ ಟೈರ್ ಅಂಗಡಿ ಸೇರಿ ಬಿಟ್ಟೆ, ಪ್ರಿಂಟಿಂಗ್ ಪ್ರೆಸ್ ಸೇರಿ ಬಿಟ್ಟೆ. ಈಗ ಒಂದು ಗಾಜಿನ ಅಂಗಡಿಯಲ್ಲಿದ್ದೇನೆ. ಮನೆಮನೆಗೆ ಹೋಗಿ ಕಿಟಕಿಗಳಿಗೆ ಗಾಜು ಕೂರಿಸುತ್ತೇನೆ. ಅಪ್ಪ ನನ್ನನ್ನು ಕರೆಯುವುದೇ 'ಅರ್ಧಂಬರ್ಧ' ಎಂದು. ಅತ್ತೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ರೋಗಿಗಳ ಹಾಸಿಗೆಯ ಶೀಟುಗಳನ್ನು ಇಸ್ತ್ರಿ ಮಾಡಿ ಮಡಚುತ್ತಾಳೆ. ಇಡೀ ದಿನ ಹಬೆಯಲ್ಲಿ ಬೇಯುವ ಅವಳು ಮೈಗೆ ಸ್ವಲ್ಪ ಗಾಳಿಯಾಡಲಿ ಎಂದು ಸಂಜೆ ಓಡಲು ಶುರು ಮಾಡಿದವಳು. ಶಾಲೆ ಬಿಟ್ಟು ಮನೆಯವರ ತಲೆ ತಿನ್ನುತ್ತಿದ್ದ ನನ್ನನ್ನೂ ಎಳೆದುಕೊಂಡು ಹೋದಳು. "ಲೋ, ಕೂರೋಕಾಗಲ್ಲ ಕೂರೋಕಾಗಲ್ಲ ಅಂತೀಯಲ್ಲ, ಬಾ. ಇಲ್ಲಿ ಯಾರೂ ನಿನ್ನ ಕೂತ್ಕೋ ಅನ್ನಲ್ಲ." ನಾನು ಇಂದಿಗೂ ಬಿಡದೆ ಉಳಿಸಿಕೊಂಡಿರುವುದು ಅದೊಂದನ್ನೇ. ಅದನ್ನೂ ನೀವು ಬಿಡಿಸಿದಿರಿ.

ಆ ಬೆಳಿಗ್ಗೆ ನಿಮಗೆ ಹೇಗೆ ಕಂಡಿತ್ತೋ ಗೊತ್ತಿಲ್ಲ. ವೇದಿಕೆಗೆ ಮೂರು ಕಡೆ ಗೋಡೆ, ಮೇಲೊಂದು ಚಾವಣಿ ಇತ್ತು. ನಮಗೆ ಮೇಲೆ ಮೋಡ, ಕೆಳಗೆ ಕೆಸರು. ಮಳೆ ನೇರವಾಗಿ ಬೀಳದೆ ಅಡ್ಡಡ್ಡ ಬಂದು ಮುಖಕ್ಕೆ ರಾಚುತ್ತಿತ್ತು. ತಿಳಿದವರು ಕಸದ ಚೀಲಕ್ಕೆ ತಲೆ ತೂರುವಷ್ಟು ತೂತು ಮಾಡಿ ಹಾಕಿಕೊಂಡು ಬಂದಿದ್ದರು. ಅತ್ತೆ ನಮ್ಮಿಬ್ಬರಿಗೂ ಒಂದೊಂದು ತಂದಿದ್ದಳು. ಧ್ವನಿವರ್ಧಕ ಕೂಗಿತು: "ದಯವಿಟ್ಟು ಚೀಲಗಳನ್ನು ತೆಗೆಯಿರಿ. ಮೇಲಿಂದ ಫೋಟೋ ತೆಗೆಯುವಾಗ ಸಮಿತಿಯ ಬನಿಯನ್ ಕಾಣಬೇಕು." ತೆಗೆದೆವು. ಫೋಟೋ ತೆಗೆದರು. ಸ್ವಯಂಸೇವಕರು ಚೀಲಗಳನ್ನೆಲ್ಲ ಬಾಚಿಕೊಂಡು ಹೋದರು. ಆಮೇಲೆ ತಾವು ಭಾಷಣ ಶುರು ಮಾಡಿದಿರಿ. "ಚಳಿ ಎನ್ನುವುದು ಮನಸ್ಸಿನಲ್ಲಿದೆ" ಎಂದಿರಿ. ನನ್ನ ಪಕ್ಕದಲ್ಲಿ ನಿಂತಿದ್ದ ದಪ್ಪ ಮೀಸೆಯ ಕ್ಷೌರಿಕರೊಬ್ಬರು ಹಲ್ಲು ಕಟಕಟಿಸುತ್ತಲೇ ಹೇಳಿದರು: "ಹಾಗಾದ್ರೆ ಆ ಕೋಟು ನಮ್ ಕಡೆ ಎಸೀರಿ ಸ್ವಾಮಿ. ನಿಮ್ ಮನಸ್ಸು ಗಟ್ಟಿ ಇದೆಯಲ್ಲ." ಸುತ್ತಲಿದ್ದವರು ನಕ್ಕರು. ನಿಮಗೆ ಅದು ಚಪ್ಪಾಳೆಯಂತೆ ಕೇಳಿಸಿರಬೇಕು. ಇನ್ನೂ ಸ್ವಲ್ಪ ಹೊತ್ತು ಮಾತಾಡಿದಿರಿ.

ಓಡುವಾಗ ಮೈ ಬೆಚ್ಚಗಿರುತ್ತದೆ. ಮೊದಲರ್ಧ ಚೆನ್ನಾಗಿಯೇ ಹೋಯಿತು. ಅತ್ತೆ ನನಗಿಂತ ಮುಂದಿದ್ದಳು. ಹೊಳೆಯ ಮೇಲಿನ ಉದ್ದನೆಯ ಸೇತುವೆಗೆ ಬಂದಾಗ ಗಾಳಿ ಹಿಡಿದುಕೊಂಡಿತು. ಬೂಟಿನೊಳಗೆ ನೀರು, ಬನಿಯನ್ ಮೈಗೆ ಅಂಟಿ ಮಂಜುಗಡ್ಡೆಯ ಹಾಗೆ. ಸೇತುವೆಯ ಕೊನೆಯಲ್ಲಿ ಅತ್ತೆ ಕಂಬ ಹಿಡಿದು ನಿಂತಿದ್ದಳು.

"ಏನಾಯ್ತು ಅತ್ತೆ?"

"ಏನಿಲ್ಲ, ಬೂಟಿನ ದಾರ ಬಿಚ್ಚಿದೆ. ಕಟ್ಟೋಕೆ ಬೆರಳು ಬರ್ತಿಲ್ಲ. ನೀನು ನಡಿ."

ದಾರ ಬಿಚ್ಚಿರಲಿಲ್ಲ. ತುಟಿ ನೀಲಿಯಾಗಿತ್ತು. ನಾನು ನಿಂತೆ. ಇದನ್ನು ತ್ಯಾಗ ಅಂದುಕೊಳ್ಳಬೇಡಿ. ನನಗೂ ಅಷ್ಟರಲ್ಲಿ ಸಾಕಾಗಿತ್ತು.

ಓಟ ಬಿಟ್ಟವರನ್ನು ತುಂಬಿಕೊಂಡು ಬರುವ ನಿಮ್ಮ ಬಸ್ಸು ಬಂತು. ಹತ್ತಿದೆವು. ಕ್ಷೌರಿಕರೂ ಅದರಲ್ಲಿದ್ದರು, ಮೀಸೆ ಒಂದು ಬಿಟ್ಟರೆ ಅವರಲ್ಲಿ ಇನ್ನೇನೂ ನೆಟ್ಟಗಿರಲಿಲ್ಲ. ಕಿಟಕಿಗಳು ಅರ್ಧಕ್ಕೆ ನಿಂತು ಮುಚ್ಚುತ್ತಿರಲಿಲ್ಲ. ನನ್ನ ಕಸುಬು ಅದೇ ಆದ್ದರಿಂದ ಒಂದೆರಡನ್ನು ಜಗ್ಗಿ ನೋಡಿದೆ, ಕೈಲಾಗಲಿಲ್ಲ. ಹಿಂದಿನ ಸೀಟುಗಳ ಮೇಲೆ ಚಾವಣಿಯವರೆಗೆ ರಟ್ಟಿನ ಡಬ್ಬಗಳು. ಒಳಗೆ ಬೆಳ್ಳಿ ಬಣ್ಣದ ತೆಳುವಾದ ಹೊದಿಕೆಗಳು. ಓಡಿದವರ ಮೈಯ ಕಾವು ಆರದಿರಲಿ ಎಂದು ಕೊಡುತ್ತಾರಲ್ಲ, ಅವೇ. ನಾವು ಆ ಡಬ್ಬಗಳಿಗೆ ಒರಗಿಕೊಂಡು ನಡುಗುತ್ತ ಕೂತಿದ್ದೆವು. ಮಾನ್ಯರೇ, ಈ ಚಿತ್ರವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಬನಿಯನ್ ಕಾಣದಿದ್ದರೂ ಪರವಾಗಿಲ್ಲ.

ಮುಂದಿನ ಸೀಟಿನಲ್ಲಿ ನಿಮ್ಮ ಮೇಲ್ವಿಚಾರಕರಿದ್ದರು. ನೀರು ಇಳಿಯದ ನೀಲಿ ಜಾಕೆಟ್, ತಲೆಗೆ ಟೋಪಿ.

"ಸಾರ್, ಒಂದು ಹೊದಿಕೆ ಕೊಡಿ. ಅತ್ತೆಗೆ ತುಂಬಾ ಚಳಿ ಹತ್ತಿದೆ."

"ಅವು ಫಿನಿಶಿಂಗ್ ಲೈನಿಗೆ ಹೋಗೋವು ಕಣಪ್ಪ."

"ನಾವೂ ಅಲ್ಲಿಗೇ ಹೋಗ್ತಿರೋದು."

"ನೀವು ಬಸ್ಸಲ್ಲಿ ಹೋಗ್ತಿದ್ದೀರ. ಅವು ಓಡಿ ಹೋದವರಿಗೆ."

"ಓಹೋ, ಓಡಿಹೋದವರಿಗೆ ಮರ್ಯಾದೆ, ಸಿಕ್ಕಿಬಿದ್ದವರಿಗೆ ಬಸ್ಸು" ಎಂದರು ಕ್ಷೌರಿಕರು. ಯಾರಿಗೂ ನಗಲು ಶಕ್ತಿ ಇರಲಿಲ್ಲ.

ಮೇಲ್ವಿಚಾರಕರು ಕೆಟ್ಟವರೇನಲ್ಲ. ಎದ್ದು ಬಂದು ಒಂದು ಡಬ್ಬದಿಂದ ಒಂದು ಹೊದಿಕೆ ಎಳೆದು ನನ್ನ ಮುಖದ ಮುಂದೆ ಹಿಡಿದರು. "ಓದು, ಏನಿದೆ?" ಅದರ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ 'ನಾನು ಗುರಿ ಮುಟ್ಟಿದೆ!' ಎಂದಿತ್ತು. "ಮುಟ್ಟಿದ್ದೀರಾ? ಇಲ್ಲ ತಾನೇ? ಮುಟ್ಟದವರು ಇದನ್ನ ಹೊದ್ಕೊಂಡು ಓಡಾಡಿದ್ರೆ, ಫೋಟೋದಲ್ಲಿ ಬಂದ್ರೆ, ಅದು ಸುಳ್ಳಾಗಲ್ವೇನಪ್ಪ? ನೀನೇ ಹೇಳು." ಮಡಚಿ ಡಬ್ಬಕ್ಕೆ ತುರುಕಿ ಟೇಪ್ ಅಂಟಿಸಿ ಹೋದರು.

ನಾನು ಸುಮ್ಮನಾದೆ. ಇಡೀ ಪ್ರಕರಣದಲ್ಲಿ ನನಗೆ ಹೇಸಿಗೆಯಾಗುವುದು ಇದನ್ನು ನೆನೆಸಿಕೊಂಡಾಗ. ನಿಮ್ಮ ನಿಯಮ ನನಗೆ ಸರಿ ಎನಿಸಿಬಿಟ್ಟಿತು. ಗುರಿ ಮುಟ್ಟಿಲ್ಲ, ಮುಟ್ಟಿದೆವೆಂದು ಮೈಮೇಲೆ ಬರೆದುಕೊಳ್ಳುವುದು ಸುಳ್ಳು, ಸುಳ್ಳು ತಪ್ಪು. ಶಾಲೆಯಲ್ಲೂ ಹೀಗೇ ಅಲ್ಲವೇ? ಮುಗಿಸಿದವರಿಗೆ ಸಭೆ, ಸಾಲು ಕುರ್ಚಿ, ಕೈಗೊಂದು ಕಾಗದ. ಬಿಟ್ಟವನು ಗೇಟಿನಾಚೆ. ನನಗೆ ಅದು ಅಭ್ಯಾಸವಾಗಿದೆ. ಆದರೆ ನನ್ನ ಅಭ್ಯಾಸಕ್ಕೆ ಅತ್ತೆ ಯಾಕೆ ನೆನೆಯಬೇಕಿತ್ತು? ಸೇತುವೆಯಿಂದ ಗಡಿಯಾರದ ಗೋಪುರದವರೆಗೆ ನಾನು ಸತ್ಯವಂತನಾಗಿ ಕೂತಿದ್ದೆ. ಅತ್ತೆ ನನ್ನ ಪಕ್ಕದಲ್ಲಿ ತಣ್ಣಗಾಗುತ್ತಿದ್ದಳು.

ಗೋಪುರದ ಹತ್ತಿರ ಅವಳ ನಡುಕ ನಿಂತಿತು. ಸುಧಾರಿಸಿಕೊಂಡಳು ಅಂದುಕೊಂಡೆ. ಅಷ್ಟರಲ್ಲಿ ಮಾತು ಶುರು ಮಾಡಿದಳು. ನಾಲಿಗೆ ತೊದಲುತ್ತಿತ್ತು, ಕಣ್ಣು ಎಲ್ಲೋ ಇತ್ತು. "ಶೀಟು ಒಣಗಿಲ್ಲ ಕಣೋ... ಒದ್ದೆ ಶೀಟು ವಾರ್ಡಿಗೆ ಕಳಿಸ್ಬೇಡಿ ಅನ್ನು... ರೋಗಿಗೆ ಚಳಿ ಆಗುತ್ತೆ..."

ಕ್ಷೌರಿಕರು ಅವಳ ಕೆನ್ನೆ ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು. "ಲೋ ತಮ್ಮ, ಇದು ಸರಿ ಇಲ್ಲ. ಏನಾದ್ರೂ ಮಾಡೋ."

ರಟ್ಟು ನೆನೆದಿತ್ತು. ಹಲ್ಲಿನಿಂದ ಟೇಪ್ ಕಚ್ಚಿ ಡಬ್ಬ ಸೀಳಿದೆ. ಹೊದಿಕೆ ಬಿಡಿಸಿದಾಗ ಅಕ್ಷರಗಳು ಮತ್ತೆ ಕಣ್ಣಿಗೆ ಹೊಡೆದವು. ಆಗ ಅದನ್ನು ತಿರುಗಿಸಿದೆ. ಒಳಮೈ ಬರೀ ಬೆಳ್ಳಿ, ಒಂದಕ್ಷರವೂ ಇಲ್ಲ. ಅಷ್ಟೇ ಇದ್ದದ್ದು, ಮಾನ್ಯರೇ. ಮಗ್ಗುಲು ಬದಲಿಸಿದರೆ ಸುಳ್ಳೂ ಇಲ್ಲ, ಚಳಿಯೂ ಇಲ್ಲ. ಇದು ನನಗೆ ಗೋಪುರದವರೆಗೆ ಹೊಳೆಯಲಿಲ್ಲ. ನಾನು ಹತ್ತನೇ ತರಗತಿ ಮುಗಿಸದವನು. ಇಷ್ಟೊಂದು ಓದಿದವರೆಲ್ಲ ಸೇರಿದ ನಿಮ್ಮ ಸಮಿತಿಗೆ ಇಂದಿಗೂ ಹೊಳೆದಿಲ್ಲವೆಂದರೆ ಏನು ಹೇಳಲಿ?

ಅಕ್ಷರ ಒಳಗೆ ಮಾಡಿ ಅತ್ತೆಗೆ ಎರಡು ಸುತ್ತು ಸುತ್ತಿದೆ. ಆಮೇಲೆ ಕ್ಷೌರಿಕರಿಗೆ, ಆಮೇಲೆ ಬಸ್ಸಿನಲ್ಲಿದ್ದವರಿಗೆಲ್ಲ. ಹೊದಿಕೆಯ ಪರಪರ ಸದ್ದಿಗೆ ಮೇಲ್ವಿಚಾರಕರು ಫೋನ್ ಬಿಟ್ಟು ಎದ್ದರು. "ಯಾರೋ ಅದು, ಯಾರನ್ನ ಕೇಳಿ ತೆಗೆದೆ?" ಅದೇ ಗಳಿಗೆಗೆ ಚಾಲಕರು ಬ್ರೇಕ್ ಒತ್ತಿದರು. ಮೇಲ್ವಿಚಾರಕರು ಸೀಟಿನ ಮೇಲೆ ಧೊಪ್ಪನೆ ಕೂತರು. "ರೋಡು ಜಾರುತ್ತೆ ಸಾರ್, ಎದ್ದೇಳಬೇಡಿ" ಎಂದರು ಚಾಲಕರು. ಅವರೆಷ್ಟು ಸಲ ಎದ್ದರೋ ಅಷ್ಟು ಸಲ ರೋಡು ಜಾರಿತು. ಇದನ್ನು ಬರೆಯಬಹುದೇ ಎಂದು ಮೊನ್ನೆ ಚಾಲಕರನ್ನೇ ಹುಡುಕಿಕೊಂಡು ಹೋಗಿ ಕೇಳಿದೆ. "ಧಾರಾಳವಾಗಿ ಬರಿ. ಆ ಬಸ್ಸಿನ ಕೆಲಸ ನಾನು ಬಿಟ್ಟಾಯ್ತು" ಎಂದರು. ಅವರೂ ನಮ್ಮ ಪೈಕಿ.

ಗುರಿಯ ಹತ್ತಿರದ ವೈದ್ಯರ ಡೇರೆಯಲ್ಲಿ ಅತ್ತೆಯನ್ನು ಮಲಗಿಸಿ ಬಿಸಿನೀರಿನ ಚೀಲ ಇಟ್ಟರು. "ಇನ್ನೊಂದು ಸ್ವಲ್ಪ ತಡ ಆಗಿದ್ರೆ..." ಎನ್ನುತ್ತ ಡಾಕ್ಟರಮ್ಮ ಇನ್ನೊಂದು ಚೀಲ ತರಿಸಿದರು. ಹೊರಗೆ ಧ್ವನಿವರ್ಧಕದಲ್ಲಿ ತಮ್ಮದೇ ದನಿ: ಮಳೆಗೆ ನಗರ ಮಣಿಯಲಿಲ್ಲ, ಒಬ್ಬರಿಗೂ ಏನೂ ಆಗಿಲ್ಲ. ಡೇರೆಯ ಬಾಗಿಲಿಂದ ವೇದಿಕೆ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಅತಿಥಿಗಳ ಖಾಲಿ ಕುರ್ಚಿಗಳು. ಇರುಚಲಿಗೆ ನೆನೆಯದಿರಲಿ ಎಂದು ಒಂದೊಂದಕ್ಕೂ ಒಂದೊಂದು ಬೆಳ್ಳಿ ಹೊದಿಕೆ ಹೊದಿಸಿದ್ದರು. ಪ್ರತಿ ಕುರ್ಚಿಯ ಎದೆಯ ಮೇಲೂ 'ನಾನು ಗುರಿ ಮುಟ್ಟಿದೆ!' ಆ ಕುರ್ಚಿಗಳು ಎಲ್ಲಿಂದ ಓಡಿ ಬಂದಿದ್ದವು, ಮಾನ್ಯರೇ? ಅವುಗಳ ಮೇಲೂ ನಿಷೇಧ ಹಾಕಿದ್ದೀರಾ?

ನಿಮ್ಮ ಕಚೇರಿಯವರೇ ದಯಪಾಲಿಸಿದ ಕ್ಷಮಾಪಣೆಯ ವಾಕ್ಯ ಹೀಗಿದೆ: 'ಅನರ್ಹನಾಗಿದ್ದರೂ ಹೊದಿಕೆಯನ್ನು ದುರ್ಬಳಕೆ ಮಾಡಿದ್ದಕ್ಕಾಗಿ ವಿಷಾದಿಸುತ್ತೇನೆ.' ಕೂತು ಬರೆಯಲು ನೋಡಿದೆ. 'ದುರ್ಬಳಕೆ' ಎನ್ನುವಲ್ಲಿಗೆ ಬಂದು ಪೆನ್ನು ನಿಲ್ಲುತ್ತದೆ. ಹೊದಿಕೆಯನ್ನು ಹೊದೆಯಲು ಬಳಸಿದ್ದು ದುರ್ಬಳಕೆಯಾದರೆ ಸದ್ಬಳಕೆ ಯಾವುದು? ಕುರ್ಚಿಯೇ?

ಅಪ್ಪನಿಗೆ ತಾಳ್ಮೆ ಮುಗಿದಿದೆ. "ಒಂದು ಸಾಲು ಗೀಚಿ ಬಿಸಾಕೋ ಅರ್ಧಂಬರ್ಧ! ನಿನ್ನ ಸತ್ಯ ಕಟ್ಕೊಂಡು ಅವಳೇನು ಮಾಡ್ತಾಳೆ? ಓಡೋದು ಒಂದೇ ಕಣೋ ಅವಳಿಗಿರೋದು." ಅಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ. ಅತ್ತೆಯನ್ನೇ ಕೇಳಿದೆ. ಅಡುಗೆಮನೆಯ ಕಟ್ಟೆಗೆ ಒರಗಿ ಕಾಲು ನೀವಿಕೊಳ್ಳುತ್ತಿದ್ದಳು.

"ನಂಗೆ ಓಡ್ಬೇಕು ಕಣೋ. ಅದನ್ನ ಇಲ್ಲ ಅನ್ನಲ್ಲ."

"ಹಾಗಾದ್ರೆ ಬರೆದುಕೊಡ್ಲಾ?"

"ಅದನ್ನ ನಾನು ಹೇಳಲ್ಲ. ಹೇಳಿದ್ರೆ ಜೀವಮಾನ ಪೂರ್ತಿ 'ನಿನ್ನಿಂದ ಸುಳ್ಳು ಬರೆದೆ' ಅಂತೀಯ. ಬೇಡ ಅಂದ್ರೆ ನಾನು ಜೀವಮಾನ ಪೂರ್ತಿ ಕಿಟಕೀಲಿ ಓಡೋರನ್ನ ನೋಡ್ಕೊಂಡು ನಿನ್ನ ಬೈತೀನಿ. ನೀನೇ ಯೋಚ್ನೆ ಮಾಡು. ನಂಗೆ ಕಾಲು ನೋಯ್ತಿದೆ."

ಯೋಚನೆ ಮಾಡಿದ್ದೇನೆ. ನನ್ನಿಂದ ಒಂದು ತಪ್ಪಾಗಿದೆ. ಅದು ಡಬ್ಬ ಸೀಳಿದ್ದಲ್ಲ, ಸೀಳಲು ತಡ ಮಾಡಿದ್ದು. ಅದಕ್ಕೆ ಕ್ಷಮೆ ಕೇಳಬೇಕಾದದ್ದು ಅತ್ತೆಯನ್ನು, ಕೇಳಿದ್ದೇನೆ. "ಹೋಗೋ ಸಾಕು" ಅಂದಳು. ನಿಮ್ಮ ಹತ್ತಿರ ಕೇಳುವುದು ಕ್ಷಮೆಯನ್ನಲ್ಲ.

ಅತ್ತೆಯ ಮೇಲಿನ ನಿಷೇಧ ತೆಗೆಯಿರಿ. ಅವಳು ಹೊದಿಕೆ ಕೇಳಲಿಲ್ಲ, ತೆಗೆಯಲಿಲ್ಲ, ಹೊದ್ದದ್ದೂ ಅವಳಿಗೆ ಗೊತ್ತಿಲ್ಲ. ತೆಗೆದವನು ನಾನು, ಮುಂದೆಯೂ ತೆಗೆಯುತ್ತೇನೆ. ಹಾಗಾಗಿ ನನ್ನ ನಿಷೇಧವನ್ನು ಹಾಗೇ ಇಟ್ಟುಕೊಳ್ಳಿ, ನಿಮ್ಮ ನಿಯಮದ ಮಾನ ಉಳಿಯಲಿ. ಇನ್ನು ಹೊದಿಕೆ. ಗುರಿ ಮುಟ್ಟಿದವನಿಗೆ ಅಲ್ಲಿ ಚಾವಣಿ ಇದೆ, ಬಿಸಿ ಪಾನೀಯ ಇದೆ, ತಬ್ಬಿಕೊಳ್ಳಲು ಮನೆಯವರಿದ್ದಾರೆ. ಚಳಿ ಹಿಡಿಯುವುದು ಸೇತುವೆಯ ಕೊನೆಯಲ್ಲಿ ಕಂಬ ಹಿಡಿದು ನಿಂತವನಿಗೆ. ಡಬ್ಬಗಳನ್ನು ಮೊದಲು ಅಲ್ಲಿಗೆ ಕಳಿಸಿ, ಬಸ್ಸಿನಲ್ಲಿ ಸೀಟಿಗೊಂದು ಇಡಿಸಿ, ಉಳಿದರೆ ಗೆದ್ದವರಿಗೆ ಕೊಡಿ. ಅಕ್ಷರ ಅಡ್ಡ ಬಂದರೆ ಅಕ್ಷರ ಅಚ್ಚು ಹಾಕಿಸಬೇಡಿ.

ಅತ್ತೆ ಹೊದ್ದ ಹೊದಿಕೆಯನ್ನು ಈ ಪತ್ರದ ಒಂದು ಪ್ರತಿಯೊಂದಿಗೆ ನಿಮ್ಮ ಕಚೇರಿಯ ಬಾಗಿಲಲ್ಲಿ ಕೊಡುತ್ತಿದ್ದೇನೆ. ಅವಳೇ ಒರೆಸಿ, ಆಸ್ಪತ್ರೆಯ ಶೀಟಿನ ಹಾಗೆ ಮೂಲೆಗೆ ಮೂಲೆ ಕೂಡಿಸಿ, ಅಕ್ಷರ ಒಳಗೆ ಹೋಗುವಂತೆ ಮಡಚಿದ್ದಾಳೆ. ಈ ಪತ್ರ ಓದಿಯೂ ನೀವು ಅವಳನ್ನು ಬಿಟ್ಟುಕೊಳ್ಳದಿದ್ದರೆ ಅವಳ ಬೈಗುಳ ತಿನ್ನಲು ನಾನು ತಯಾರಿದ್ದೇನೆ. ನನ್ನ ಸತ್ಯಕ್ಕೆ ಅವಳು ತೆತ್ತದ್ದು ಅದಕ್ಕಿಂತ ಜಾಸ್ತಿ ಎಂದು ನನಗೆ ಗೊತ್ತು. ಬಿಟ್ಟುಕೊಂಡರೆ ಅವಳು ಓಡುತ್ತಾಳೆ. ಆಗ ನಾನು ರಸ್ತೆಗೆ ಇಳಿಯುವುದಿಲ್ಲ, ರಸ್ತೆ ನಿಮ್ಮದು. ಪಕ್ಕದ ಫುಟ್‌ಪಾತ್ ಮೇಲೆ, ಕಂಕುಳಲ್ಲಿ ಒಂದು ಒಣ ಕಂಬಳಿ ಇಟ್ಟುಕೊಂಡು, ಅವಳ ಸಮಕ್ಕೆ ಕೊನೆಯವರೆಗೂ ಓಡುತ್ತೇನೆ. ಅದರ ಮೇಲೆ ಏನೂ ಬರೆದಿರುವುದಿಲ್ಲ.

ಇಂತಿ, ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬಾರದ,
ಅರ್ಧಕ್ಕೆ ಬಿಟ್ಟವನು