‘ಸದರಿ ಭಾಗ’ದ ಒಡತಿಯ ಸಹಿ ಎಲ್ಲಿ?

ಚಿಕಿತ್ಸಾ ಅನುಮೋದನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ಕೊಡುತ್ತೇವೆಂದದ್ದು: ಟಿ. ನರಸೀಪುರದ ತಪಾಸಣಾ ಶಿಬಿರದಲ್ಲಿ ಎದೆಯಲ್ಲಿ ಗಂಟು ಪತ್ತೆಯಾದ ಹೆಂಗಸಿಗೆ ತಜ್ಞರು ಹೇಳಿದ ಶಸ್ತ್ರಚಿಕಿತ್ಸೆ, ಅದರ ಹಿಂದೆಯೇ ವಿಕಿರಣ, ಮತ್ತು ಯಾವುದು ಬೇಕೆಂದು ಅವಳನ್ನೇ ಕೇಳುವ ಮರ್ಯಾದೆ. ಕೊಡದೇ ಹೋದದ್ದು: ಈ ಮೂರೂ. ಬದಲಿಗೆ ಬಂದದ್ದು ಒಂದು ಟಿಪ್ಪಣಿ: ‘ಸದರಿ ಭಾಗದ ಮರುಜೋಡಣೆಯು ಅಲಂಕಾರಿಕ ಸ್ವರೂಪದ್ದಾಗಿರುವುದರಿಂದ ತಿರಸ್ಕರಿಸಿದೆ. ಪೂರ್ಣವಾಗಿ ತೆಗೆಯಲು ಅನುಮತಿಸಿದೆ.’

ಸದರಿ ಭಾಗ ಯಾವುದು ಸ್ವಾಮಿ? ಸರ್ವೆ ನಂಬರಿಗೂ ಸದರಿ, ಕಳುವಾದ ಎಮ್ಮೆಗೂ ಸದರಿ. ಹನ್ನೊಂದು ಪುಟದ ಕಡತವನ್ನು ತಿರುವಿ ನೋಡಿದೆ, ‘ಸ್ತನ’ ಎಂಬ ಪದ ಒಂದು ಕಡೆಯೂ ಇಲ್ಲ. ಐದು ಜನ ಗಂಡಸರು ಮೇಜಿನ ಸುತ್ತ ಕೂತು, ಹೆಸರು ಹೇಳುವುದಕ್ಕೆ ನಾಚಿದಿರಿ. ಕತ್ತರಿಸಿ ಎಸೆಯಲು ಬರೆದುಕೊಡುವಾಗ ಆ ನಾಚಿಕೆ ಎಲ್ಲಿ ಹೋಯಿತು?

ಆ ಭಾಗಕ್ಕೊಬ್ಬ ಒಡತಿ ಇದ್ದಾಳೆ. ಹೆಡತಲೆಯ ಚನ್ನಾಜಮ್ಮ, ನಲವತ್ತೆಂಟು ವರ್ಷ, ಬಾಳೆ ಬೆಳೆಯುವವಳು. ಗಂಟು ಅವರೆಕಾಳಿನಷ್ಟು. ಅದನ್ನೂ ಸುತ್ತಲಿನ ಒಂದಿಷ್ಟನ್ನೂ ತೆಗೆದು, ಉಳಿದ ಮಾಂಸವನ್ನೇ ಹೊಂದಿಸಿ ಸ್ತನಕ್ಕೆ ಆಕಾರ ಕೊಡಬಹುದು ಎಂದು ಸರ್ಜನ್ ಚಿತ್ರ ಬರೆದು ತೋರಿಸಿದರು. ಎಲ್ಲರಿಗೂ ಇದು ಆಗದು, ಕೆಲವರಿಗೆ ಪೂರ್ತಿ ತೆಗೆಯಲೇಬೇಕು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಇವಳಿಗೆ ಆಗುತ್ತದೆ, ಆಮೇಲೆ ವಿಕಿರಣ ತೆಗೆದುಕೊಂಡರೆ ಪೂರ್ತಿ ತೆಗೆಸಿಕೊಂಡವರಷ್ಟೇ ಕಾಲ ಬದುಕುವ ಭರವಸೆಯಿದೆ. ನೀವು ಅಲಂಕಾರ ಎಂದದ್ದನ್ನು ಚನ್ನಾಜಮ್ಮ ಒಂದೇ ಮಾತಿನಲ್ಲಿ ಅರ್ಥಮಾಡಿಕೊಂಡಳು: “ರವಿಕೆ ಬಗಲಲ್ಲಿ ಅರಿದ್ರೆ ತುಂಡಾಕಿ ಒಲ್ಕತೀವಿ ಕಣಕ್ಕ. ರವಿಕೇನೇ ಒಲೆಗಾಕ್ತೀವಾ?”

ಇದನ್ನೇ ಹೇಳಲು ಅವಳನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ನೆನಪಿದೆಯೇ, ನೀವು ಕನ್ನಡಕದ ಮೇಲಿಂದ ನೋಡಿ ಅಂದದ್ದು? “ವಯಸ್ಸಾಯ್ತಲ್ಲಮ್ಮ. ಮಕ್ಕಳು ದೊಡ್ಡವರಾದ್ರು. ಇನ್ನು ಅದು ಯಾಕೆ?”

“ನಿಮ್ಗೂ ಮೊಮ್ಮಕ್ಕಳಾಗವೆ ಸಾ,” ಅಂದಳು ಚನ್ನಾಜಮ್ಮ. “ಮೀಸೆಗೆ ಯಾಕೆ ಬಣ್ಣ ಆಕ್ತೀರಿ?”

ನಿಮ್ಮ ಗುಮಾಸ್ತ ಕೆಮ್ಮಿದ. ನಾನು ಮಧ್ಯೆ ಬಾಯಿ ಹಾಕಿ, ಸ್ತನ ಎಂದು ಬರೆಯಿರಿ ಎಂದು ದನಿ ಏರಿಸಿದ್ದಕ್ಕೆ ನನ್ನನ್ನು ಆಚೆ ಕಳಿಸಿದಿರಿ. ಕ್ಯಾನ್ಸರ್ ಗಂಟಿಗಿಂತ ಆ ಎರಡಕ್ಷರಕ್ಕೇ ನಿಮಗೆ ಹೆಚ್ಚು ಭಯ.

ಇನ್ನು ಸಹಿಯ ಸಂಗತಿ. ಪೂರ್ತಿ ತೆಗೆಯಲು ‘ಒಪ್ಪಿಗೆ ಇದೆ’ ಎಂಬ ಕಾಗದದ ಕೆಳಗಿರುವುದು ಗಂಡ ಸಿದ್ದಮಲ್ಲಪ್ಪನ ಸಹಿ. ಜೊತೆಗೆ ಬಂದ ಗಂಡಸೇ ಸಹಿ ಹಾಕುವುದು ನಿಮ್ಮಲ್ಲಿ ರೂಢಿ, ಅವನಲ್ಲೂ ರೂಢಿ. ಅವಳು ಆಸ್ಪತ್ರೆಯ ಒಳಗೆ ಪರೀಕ್ಷೆಗೆ ರಕ್ತ ಕೊಡುತ್ತಿದ್ದಾಗ ಪಡಸಾಲೆಯಲ್ಲಿ ಹಾಕಿಸಿಕೊಂಡಿರಿ. ಊರಿಗೆ ಮರಳುವ ಬಸ್ಸಿನಲ್ಲಿ ಅವನು ಸಪ್ಪಗೆ ಹೇಳಿದ: “ಸೈನ್ ಆಕು ಅಂದ್ರು, ಆಕ್ದೆ ಕಣಮ್ಮಿ. ಜಮೀನಿನ ಕಾಗ್ದಕ್ಕೆಲ್ಲ ನಾನೇ ಅಲ್ವಾ ಆಕದು?”

“ಜಮೀನು ನಿಮ್ದು ಕಣ್ರೀ. ಎದೆ ನಂದು.”

ಮಾರನೇ ದಿನ ಅವನು ತನ್ನ ಸಹಿ ವಾಪಸ್ ಕೊಡಿ ಎಂದು ತಾನೇ ಅರ್ಜಿ ಬರೆದ. ಓದು ಬಿಟ್ಟು ಮೂವತ್ತು ವರ್ಷವಾದ ರೈತನಿಗೆ ತಪ್ಪು ತಿದ್ದಿಕೊಳ್ಳಲು ಒಂದು ರಾತ್ರಿ ಸಾಕಾಯಿತು. ನಿಮ್ಮ ಸಮಿತಿಗೆ ಎಷ್ಟು ವರ್ಷ ಬೇಕು?

ವರ್ಷಗಳಿಲ್ಲ, ಮಾನ್ಯರೇ. ಶಸ್ತ್ರಚಿಕಿತ್ಸೆ ಬರುವ ಸೋಮವಾರ. ಮುಂದೆ ಹಾಕಿದರೆ ಗಂಟು ಬೆಳೆಯುತ್ತದೆ, ಉಳಿಸುವ ದಾರಿ ಮುಚ್ಚುತ್ತದೆ. ನೀವು ಟಿಪ್ಪಣಿ ತಿದ್ದದಿದ್ದರೆ ಆವತ್ತು ಉಳಿಯಬಹುದಾದ ಸ್ತನ ಹೋಗುತ್ತದೆ. ರೋಗ ಕೇಳಿದ್ದರೆ ಕೊಡುತ್ತಿದ್ದಳು. ಕೇಳುತ್ತಿರುವುದು ನಿಮ್ಮ ಕಡತ.

ಆದ್ದರಿಂದ ಟಿಪ್ಪಣಿ ರದ್ದು ಮಾಡಿ. ಸರ್ಜನ್ ಹೇಳಿದ ಶಸ್ತ್ರಚಿಕಿತ್ಸೆಗೆ, ವಿಕಿರಣಕ್ಕೆ ಒಟ್ಟಿಗೇ ಮಂಜೂರಾತಿ ಕೊಡಿ. ಕಡತದಲ್ಲಿ ಸ್ತನವನ್ನು ಸ್ತನವೆಂದೇ ಬರೆಯಿರಿ, ಕೆಳಗೆ ಒಡತಿಗೆ ಜಾಗ ಬಿಡಿ. ನಾವು ನಲವತ್ತು ಹೆಂಗಸರು ಬರುತ್ತೇವೆ, ಚನ್ನಾಜಮ್ಮ ತನ್ನದೇ ಪೆನ್ನು ತರುತ್ತಾಳೆ. ನಿಮ್ಮ ಮುಂದಿನ ಸಭೆ ಈ ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ.

ಇಂತಿ,
ಎರಡಕ್ಷರ ಆಡಿ ಬಾಗಿಲಾಚೆ ನಿಂತ
ವಿಶಾಲಮ್ಮ
ಕೂಲಿ ಹೆಂಗಸರ ಸಂಘ, ನಂಜನಗೂಡು