ಎರಡು ಮಂಗಳವಾರಗಳ ರಸ್ತೆ

ಲಿಯೋನ್‌ಬರ್ಗ್
ಭಾನುವಾರ, 15 ಜೂನ್ 1997

ಮುದ್ದು ಆಲ್ಮುಟ್,

ಸ್ಪೇನಿನ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿದೆ ಎಂದು ಬರೆದಿದ್ದೆಯಲ್ಲ, ಈಗ ನಿಂತಿದೆಯೇ? ಮಧ್ಯಾಹ್ನ ಕಾರು ಓಡಿಸಿ ಪರೀಕ್ಷಿಸುವುದಕ್ಕೆ ಬೇರೆ ಯಾರನ್ನಾದರೂ ಕಳಿಸು. ಅಮ್ಮ ಚೆನ್ನಾಗಿದ್ದಾಳೆ. ನೀನಿಲ್ಲದೆಯೂ ಶನಿವಾರ ಮೂವರಿಗಾಗುವಷ್ಟು ಮಸೂರದ ಸಾರು ಮಾಡುತ್ತಾಳೆ, ಭಾನುವಾರವೂ ನಾನು ಅದನ್ನೇ ಉಣ್ಣುತ್ತೇನೆ. ಫೋನು ಮಾಡೋಣವೆಂದರೆ ಅದು ನಿನ್ನ ಮುಖ್ಯಸ್ಥರ ಮೇಜಿನ ಮೇಲಿದೆ. ಆದ್ದರಿಂದ ನಿಮ್ಮಲ್ಲಿಗೆ ಟೈರು ಒಯ್ಯುವ ಲಾರಿಯವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಬುಧವಾರದ ಹೊತ್ತಿಗೆ ನಿನಗೆ ಸಿಗಬೇಕು.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೂರು ವರ್ಷ ಕೂತು ನೀನು ರೂಪಿಸಿದ, ಕಾರಿನ ಬಾಗಿಲಲ್ಲಿ ಸದ್ದು ತಡೆಯುವ ರಬ್ಬರು ಪಟ್ಟಿ, ನಮ್ಮ ಕಾರು ಪತ್ರಿಕೆಯ ಒಂದು ಕೋಷ್ಟಕದಿಂದಾಗಿ ಕಸದ ಬುಟ್ಟಿಗೆ ಹೋಗುತ್ತದೆ ಎಂದರೆ ಸಹಿಸಲಾಗುವುದಿಲ್ಲ. ಗಂಟೆಗೆ ನೂರಮೂವತ್ತರ ವೇಗದಲ್ಲಿ ನಿಮ್ಮ ಕಂಪನಿಯ ಕಾರಿನೊಳಗೆ ಅರವತ್ತೆಂಟು ಡೆಸಿಬೆಲ್ ಸದ್ದು, ಉಳಿದೆರಡು ಕಂಪನಿಗಳ ಕಾರುಗಳಲ್ಲಿ ಅರವತ್ತೈದು, ಅರವತ್ತಾರು. ಮೂರರಲ್ಲಿ ಮೂರನೆಯ ಸ್ಥಾನ. ದೋಷ ಪಟ್ಟಿಯದೇ ಎಂದು ಗುರುವಾರದೊಳಗೆ ನೀನು ಬರೆದುಕೊಡಬೇಕಂತೆ. ಆ ಕೋಷ್ಟಕದ ಕೆಳಗೆ ಇರುವುದು ನಿನ್ನ ಅಪ್ಪನ ಹೆಸರು.

ಮೂವತ್ತು ವರ್ಷದಿಂದ ಕಾರಿನೊಳಗಿನ ಸದ್ದು ಅಳೆಯುವ ಈ ಕೆಲಸ ಮಾಡುತ್ತಿದ್ದೇನೆ. ಮೊದಲ ಸಲ ಮಾಪಕ ಹಿಡಿದಾಗ ಎಂಥ ಸಿರಿವಂತರ ಕಾರಿನಲ್ಲೂ ಪಕ್ಕದವರೊಡನೆ ಕೂಗಿಯೇ ಮಾತಾಡಬೇಕಿತ್ತು. ಈಗ ಬಾಗಿಲು ಮುಚ್ಚಿದೊಡನೆ ಲೋಕವೇ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಮರಗಳು ಸದ್ದಿಲ್ಲದೆ ಬಾಗುತ್ತವೆ, ಎದುರಿನ ಲಾರಿ ಮೀನಿನಂತೆ ತೇಲಿ ಹೋಗುತ್ತದೆ, ನಮ್ಮ ಉಸಿರೇ ಯಾರದೋ ಉಸಿರೆನಿಸುತ್ತದೆ. ಆ ಹೊತ್ತಿನಲ್ಲಿ ನಾನು ಎಷ್ಟೋ ಸಲ ಎಲ್ಲಿಗೆ ಹೊರಟಿದ್ದೇನೆಂಬುದನ್ನೇ ಮರೆತಿದ್ದೇನೆ. ಹೆದ್ದಾರಿಯ ಪಕ್ಕದಲ್ಲಿ ಬದುಕುವವರಿಗೆ ಈ ಮೌನದಲ್ಲಿ ಒಂದು ಚಿಟಿಕೆಯೂ ಸಿಗುವುದಿಲ್ಲ. ಇದರ ಬಗ್ಗೆ ಹನ್ನೊಂದು ವರ್ಷದಲ್ಲಿ ಪುರಸಭೆಗೆ ನಾಲ್ಕು ಕಾಗದ ಬರೆದೆ. ಒಂದಕ್ಕೂ ಉತ್ತರವಿಲ್ಲ. ಇರಲಿ.

ಮೇ ಹದಿಮೂರರ ಮಂಗಳವಾರ ನಿಮ್ಮ ಕಾರನ್ನು ಅಳೆಯುವುದಿತ್ತು. ಮಗಳ ಕಾರಿನಲ್ಲಿ ಅಪ್ಪ ಕೂತರೆ ಜನ ಏನೆಂದಾರು ಎಂದು ನಾನು ಹೋಗಲಿಲ್ಲ. ನನ್ನ ಜೊತೆ ಕೆಲಸ ಮಾಡುವ ವೆಂಡೆಲಿನ್ ಒಬ್ಬನೇ ಕಾರು ಓಡಿಸಿ ಅಳೆದುಕೊಂಡು ಬಂದ. ಆ ವಾರ ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ ಸರದಿ ನಮ್ಮ ಮನೆಯದು. ಪೊರಕೆ ಹಿಡಿದು, ನನ್ನಂಥ ನ್ಯಾಯವಂತ ಇನ್ನೊಬ್ಬನಿಲ್ಲ ಎಂದುಕೊಂಡು, ಗುಡಿಸಿದ ಮೆಟ್ಟಿಲನ್ನೇ ಎರಡು ಸಲ ಗುಡಿಸಿದೆ. ಮುಂದಿನ ಮಂಗಳವಾರ ಉಳಿದೆರಡು ಕಾರುಗಳಲ್ಲಿ ಕೂತು ನಾನೇ ಅಳೆದೆ. ಅದೇ ಹೆದ್ದಾರಿ, ನಮ್ಮ ಮನೆ ಪಕ್ಕದ ಅದೇ ಎರಡು ಕಿಲೋಮೀಟರು.

ಮೊನ್ನೆ ಶುಕ್ರವಾರ ಮತ್ತೆ ಪೊರಕೆ ಹಿಡಿದಿದ್ದೆ. ಕೆಳಮನೆಯಾಕೆ ಬುಕ್ ಕಿಟಕಿ ತೆರೆದು ನಿಂತಿದ್ದಳು. “ಹೆದ್ದಾರಿಗೆ ಹೊಸ ಡಾಂಬರು ಹಾಕಿದ್ಮೇಲೆ ಕಿಟಕಿ ತೆಗೆದಿಟ್ಟೇ ನಿದ್ದೆ ಮಾಡ್ತೀನಿ ಕಣ್ರೀ” ಎಂದಳು. ಯಾವಾಗ ಹಾಕಿದರು ಎಂದು ಕೇಳಿದೆ. “ಹೋದ ತಿಂಗಳೇ! ಅಲ್ರೀ ಐಖೆಲೆಯವರೇ, ಊರ ಕಾರಿಗೆಲ್ಲ ಕಿವಿ ಕೊಡ್ತೀರಿ, ಮನೆ ಪಕ್ಕದ ರಸ್ತೆ ಬದಲಾಗಿದ್ದು ಕೇಳಿಸಲಿಲ್ವಾ?” ಪೊರಕೆ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಕೂಡಿಟ್ಟಿದ್ದ ಪುರಸಭೆಯ ವಾರಪತ್ರಿಕೆಗಳನ್ನೆಲ್ಲ ನೆಲಕ್ಕೆ ಹರಡಿ ಹುಡುಕಿದೆ. ಮೇ ಹದಿನೇಳು, ಹದಿನೆಂಟು: ಎರಡು ಮಂಗಳವಾರಗಳ ನಡುವಿನ ಶನಿವಾರ, ಭಾನುವಾರ. ನಿಮ್ಮ ಕಾರು ಓಡಿದ್ದು ಹಳೆಯ ಕಾಂಕ್ರೀಟಿನ ಮೇಲೆ, ಉಳಿದೆರಡು ಓಡಿದ್ದು ಹೊಸ ನುಣುಪು ಡಾಂಬರಿನ ಮೇಲೆ. ಎರಡೂ ದಿನ ನಾನು ಕಾರಿನೊಳಗಿದ್ದಿದ್ದರೆ ಮೊದಲ ನೂರು ಮೀಟರಿನಲ್ಲೇ ತಿಳಿಯುತ್ತಿತ್ತು.

ಸಂಪಾದಕ ಡೋರ್ನ್‌ಸೈಫ್ ಹತ್ತಿರ ಓಡಿದೆ. ಅವನು ಕೋಷ್ಟಕವನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದ. “ಈಗ ತಿದ್ದಿದ್ರೆ ಅಪ್ಪ ಮಗಳನ್ನ ಪಾಸು ಮಾಡಿಸಿದ ಅಂತಾರೆ. ಕಿವಿಗೆ ವಯಸ್ಸಾಯ್ತು ಯಜಮಾನ್ರೇ, ಮನೇಲಿ ಮೆಟ್ಟಿಲು ಗುಡಿಸ್ಕೊಂಡಿರಿ” ಎಂದ. ‘ಈಗ ತಿದ್ದಬೇಡ’ ಎಂಬ ಈ ಮಾತನ್ನು ಯುದ್ಧ ಮುಗಿದ ವರ್ಷದಿಂದ, ಹುಡುಗನಾಗಿದ್ದಾಗಿನಿಂದ ಕೇಳುತ್ತಲೇ ಬಂದಿದ್ದೇನೆ. ತಪ್ಪು ಅಚ್ಚಾಯಿತೆಂದರೆ ಅದಕ್ಕೆ ಕುರ್ಚಿ ಹಾಕಿ ಕೂರಿಸುತ್ತಾರೆ, ಸರಿಯನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಮೂರೂ ಕಾರುಗಳು ಇನ್ನೂ ಪತ್ರಿಕೆಯ ಅಂಗಳದಲ್ಲೇ ಇದ್ದವು, ಬೀಗದ ಕೈ ವೆಂಡೆಲಿನ್ ಬಳಿ ಇತ್ತು. ಇವತ್ತು ಬೆಳಗ್ಗೆ ಐದಕ್ಕೆ ಹೊರಟೆವು. ಸಾಕ್ಷಿಗಿರಲಿ ಎಂದು ಅಮ್ಮನನ್ನು ಹಿಂದೆ ಕೂರಿಸಿದೆ. ಮಂಜು ಹೊಲಗಳ ಮೇಲೆ ಹಾಲಿನಂತೆ ನಿಂತಿತ್ತು, ಹೆದ್ದಾರಿಯಲ್ಲಿ ಒಂದು ಹುಳವೂ ಇರಲಿಲ್ಲ. ನಿಮ್ಮ ಕಾರನ್ನು ಕೊನೆಗೆ ಓಡಿಸಿದೆವು. ನಾನು ಮಾಪಕ ನೋಡಲಿಲ್ಲ, ಕಣ್ಣು ಮುಚ್ಚಿದ್ದೆ. ಸ್ವಲ್ಪ ಹೊತ್ತಿಗೆ ರಸ್ತೆಯೂ ಕಾರೂ ಎಲ್ಲಿ ಹೋದವೋ ತಿಳಿಯದು. ನಿದ್ದೆಯ ಅಂಚಿನಲ್ಲಿ ಯಾರೋ ಹೊದಿಕೆ ಎಳೆದು ಹೊದೆಸಿದಂತಿತ್ತು. ಅಮ್ಮ ಹಿಂದಿನಿಂದ, ಪಿಸುಮಾತಿನಲ್ಲೇ, “ನಿಲ್ಲಿಸ್ಬೇಡ ವೆಂಡೆಲಿನ್, ಇನ್ನೊಂಚೂರು ಹೋಗೋಣ” ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ವೆಂಡೆಲಿನ್ ಅಂಕಿ ಓದಿದ: ಅರವತ್ತೈದೂವರೆ. ಉಳಿದೆರಡರದು ಹಿಂದಿನಂತೆಯೇ, ಅರವತ್ತೈದು ಮತ್ತು ಅರವತ್ತಾರು. ನಿಮ್ಮದು ಮೊದಲನೆಯದಲ್ಲ, ಎರಡನೆಯದು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ನೀರು ಕುಡಿಯುತ್ತಿರು, ಟೊಪ್ಪಿ ಹಾಕಿಕೋ. ಅಮ್ಮನ ಮುತ್ತುಗಳು. ವೆಂಡೆಲಿನ್ ನಿನ್ನನ್ನು ಕೇಳಿದನೆಂದು ತಿಳಿಸಲು ಹೇಳಿದ್ದಾನೆ. ನೀನು ಸುಖವಾಗಿರು ಮಗಳೇ.

ನಿನ್ನ ಅಪ್ಪ,
ಗೊಟ್‌ಹಿಲ್ಫ್ ಐಖೆಲೆ

ಮರೆತ ಮಾತು: ಲಾರಿಯವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮೂರೂ ದಿನದ ಅಂಕಿಗಳನ್ನು ಬರೆದು ನಿನ್ನ ಮುಖ್ಯಸ್ಥರಿಗೂ ಉಳಿದೆರಡು ಕಂಪನಿಗಳಿಗೂ ಇವತ್ತೇ ಅಂಚೆಗೆ ಹಾಕಿದೆ. ಡೋರ್ನ್‌ಸೈಫ್ ಇನ್ನು ನನ್ನನ್ನು ಕರೆಯುವುದಿಲ್ಲ. ಕರೆಯದಿರಲಿ. ಮಗಳು ಎಂಬುದನ್ನು ಬಿಟ್ಟು ಬರೆದರೆ ಬೇಗ ನಂಬುತ್ತಾರೆ ಎಂದು ವೆಂಡೆಲಿನ್ ಹೇಳಿದ. ಆದರೂ ಮೂರೂ ಕಾಗದಗಳಲ್ಲಿ ಮೊದಲ ಸಾಲು ‘ಆಲ್ಮುಟ್ ಐಖೆಲೆ ನನ್ನ ಮಗಳು’ ಎಂದೇ ಇದೆ. ಗುರುವಾರ ಯಾವುದಕ್ಕೂ ಸಹಿ ಹಾಕಬೇಡ.