ಬಾಗದ ಮೀನು

ಮಿಯಾಝು, ಫೆಬ್ರವರಿ ೧೨

ಅಪ್ಪನಿಗೆ,

ಇಲ್ಲಿ ಪ್ಲಮ್ ಮರ ಹೂಬಿಟ್ಟಿದೆ. ನಿನ್ನ ಮೊಣಕಾಲು ಹೇಗಿದೆ? ಮೀನು ಸುಡುವ ನಿನ್ನ ಕಬ್ಬಿಣದ ಕಡ್ಡಿಗಳು ನಮ್ಮಲ್ಲೇ ಉಳಿದಿವೆ. ತೊಳೆದು, ಎಣ್ಣೆ ಸವರಿ ಇಟ್ಟಿದ್ದೇನೆ.

ನಿನ್ನ ಮೊಮ್ಮಗಳಿಗೆ ಮೊದಲ ತುತ್ತು ಮುಟ್ಟಿಸುವ ದಿನ ನಮ್ಮ ಮೀನು ಸಾಕಣೆ ಕೇಂದ್ರದ ಮದಾಯ್ ಎಂಬ ಕೆಂಪು ಮೀನನ್ನೇ ಇಡಬೇಕೆಂದು ಹಟ ಹಿಡಿದವಳು ನಾನು. ಮಾಂಸ ಬೆಳೆಯದಂತೆ ತಡೆಯುವ ಜೀನನ್ನು ಕತ್ತರಿಸಿ ನಾವು ಬೆಳೆಸಿದ ಮೀನು ಅದು. ನೀನು ನೋಡಿ ಮೆಚ್ಚಬೇಕೆಂಬ ಆಸೆಯಿತ್ತು. ಆದರೆ ನೀನು ಎಂದಿನಂತೆ ಅದನ್ನು ಅಲೆಯ ಮೇಲೆ ಜಿಗಿಯುವಂತೆ ಬಾಗಿಸಿ ಕಡ್ಡಿ ಚುಚ್ಚಲು ಹೋದರೆ ಅದರ ದಪ್ಪ ಬೆನ್ನು ಬಾಗಲೇ ಇಲ್ಲ.

"ಊಟ ಜಾಸ್ತಿ ಆಗಿದೆ ಕಣಮ್ಮ ಇದಕ್ಕೆ, ಕುಣಿ ಅಂದ್ರೆ ಎಲ್ಲಿ ಕುಣಿಯುತ್ತೆ?" ಎಂದು ನೀನು ನಕ್ಕೆ.

"ಹೋಗ್ಲಿ ಬಿಡಿ ಮಾವ, ತುಂಡು ಮಾಡಿ ಸುಟ್ರಾಯ್ತು" ಎಂದ ನಿನ್ನ ಅಳಿಯ.

ಊರಿನ ಮಕ್ಕಳಿಗೆಲ್ಲ ಮೊದಲ ತುತ್ತಿನ ಮೀನನ್ನು ಇಡಿಯಾಗಿ ಸುಟ್ಟುಕೊಟ್ಟವನು ನೀನು. ಆದರೂ ನೀನೇ ಚಾಕು ಎತ್ತಿಕೊಂಡೆ. ನಾನೂ ತಡೆಯಲಿಲ್ಲ.

ನಿನ್ನೆ ಅಮ್ಮ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದಳು: "ಅವತ್ತು ನಿಮ್ಮಪ್ಪ ತಾವೇ ಹಿಡಿದ ಮೀನು ತಂದಿದ್ರು ಕಣೇ. ನಿಮ್ಮದು ತಟ್ಟೇಲಿರೋದು ನೋಡಿ ಐಸ್ ಡಬ್ಬಿ ತೆಗೀಲೇ ಇಲ್ಲ. ಮನೆಗೆ ಬಂದು ಸಾರು ಮಾಡಿಸ್ಕೊಂಡು ತಿಂದ್ರು."

ಬಾಗಿಲ ಬಳಿಯಿದ್ದ ಆ ಡಬ್ಬಿಯ ಮೇಲೆ ನಾನೇ ನನ್ನ ಕೋಟು ಹಾಕಿದ್ದೆ.

ಮಾರ್ಚ್ ಮೂರಕ್ಕೆ ಮಗುವಿನ ಮೊದಲ ಗೊಂಬೆ ಹಬ್ಬ. ಸಮುದ್ರ ಒರಟಾಗಿದ್ದರೆ ದೋಣಿ ಇಳಿಸಬೇಡ. ಸಿಕ್ಕಿದ್ದು ಅಂಗೈಯಷ್ಟಿದ್ದರೂ ಸಾಕು. ಕಡ್ಡಿಗಳು ಇಲ್ಲೇ ಇವೆ. ಡಬ್ಬಿ ಮಾತ್ರ ತಾ. ಈ ಸಲ ಮುಚ್ಚಳ ನಾನೇ ತೆಗೆಯುತ್ತೇನೆ.

ನಿನ್ನ ಮಗಳು,
ಚಿನಾತ್ಸು